ಊದಿದ ಪಾದದ ಗಂಟಿಗೆ ಒಗ್ಗುವ ಬೈಕ್ ಬೂಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನಗೆ 46 ವರ್ಷ, ಮೂಡಿಗೆರೆಯ ಹತ್ತಿರ ಸಣ್ಣ ಕಾಫಿ ತೋಟವಿದೆ. ಕಳೆದ ಮಳೆಗಾಲದಲ್ಲಿ ಬುಲೆಟ್ ಜಾರಿ ಬಿದ್ದು ಬಲ ಪಾದದ ಗಂಟಿನ ಎರಡೂ ಬದಿಯ ಮೂಳೆ ಮುರಿಯಿತು. ಶಸ್ತ್ರಚಿಕಿತ್ಸೆ ಮಾಡಿ ಪ್ಲೇಟು ಮತ್ತು ಸ್ಕ್ರೂ ಹಾಕಿದ್ದಾರೆ. ಮೂಳೆ ಕೂಡಿದೆ, ಇನ್ನು ಬೈಕ್ ಓಡಿಸಬಹುದು ಎಂದು ವೈದ್ಯರು ಹೇಳಿದ್ದಾರೆ. ಆದರೆ ಸಂಜೆಯ ಹೊತ್ತಿಗೆ ಗಂಟು ಊದಿಕೊಳ್ಳುತ್ತದೆ, ಹಳೆಯ ಬೂಟಿನೊಳಗೆ ಕಾಲು ಹೋಗುವುದೇ ಇಲ್ಲ. ಎರಡು ನಂಬರ್ ದೊಡ್ಡ ಬೂಟು ತರಿಸಿದೆ. ಅದರಲ್ಲಿ ಹಿಮ್ಮಡಿ ಎದ್ದೆದ್ದು ಬರುತ್ತದೆ, ಬ್ರೇಕಿನ ಮೇಲೆ ಪಾದ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ. ಇನ್ನು ಚಪ್ಪಲಿಯಲ್ಲೇ ಓಡಿಸುವುದೆ?

ಉತ್ತರ: ಚಪ್ಪಲಿ ಖಂಡಿತ ಬೇಡ. ಒಮ್ಮೆ ಮುರಿದು ಕೂಡಿದ ಗಂಟಿಗೆ ಎರಡನೆಯ ಪೆಟ್ಟು ಬಿದ್ದರೆ ಪ್ಲೇಟಿನ ಅಂಚಿನಲ್ಲೇ ಮೂಳೆ ಮತ್ತೆ ಮುರಿಯುವ ಸಂಭವವಿದೆ, ಆಗಿನ ದುರಸ್ತಿ ಮೊದಲಿನಷ್ಟು ಸುಲಭವಲ್ಲ. ದೊಡ್ಡ ನಂಬರಿನ ಬೂಟಿನಿಂದಲೂ ನಿಮ್ಮ ತೊಂದರೆ ನೀಗುವುದಿಲ್ಲ ಎಂಬುದನ್ನು ನೀವೇ ಕಂಡುಕೊಂಡಿದ್ದೀರಿ. ಅದು ಏಕೆ ಹಾಗೆ ಎಂಬುದನ್ನು ತಿಳಿದರೆ ಮುಂದಿನ ಆಯ್ಕೆ ಸುಲಭವಾಗುತ್ತದೆ.

ಊತ ಬಂದಾಗ ಪಾದದ ಉದ್ದ ಬೆಳೆಯುವುದಿಲ್ಲ, ಸುತ್ತಳತೆ ಬೆಳೆಯುತ್ತದೆ. ನಮ್ಮಲ್ಲಿ ಚಾಲ್ತಿಯಲ್ಲಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಉದ್ದದಲ್ಲಿ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸವಿರುವುದರಿಂದ, ಎರಡು ನಂಬರ್ ದೊಡ್ಡದೆಂದರೆ ನಿಮ್ಮ ಬೆರಳುಗಳ ಮುಂದೆ 17 ಮಿಲಿಮೀಟರ್ ಖಾಲಿ ಜಾಗ ಬಂದು ಕುಳಿತಿರುತ್ತದೆ. ಬ್ರೇಕ್ ಪೆಡಲ್ ಮೇಲೆ ಪಾದದ ಅಂದಾಜು ತಪ್ಪುವುದು ಇದರಿಂದಲೇ. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಬೂಟಿನ ಒಳಗೆ ಗಂಟಿನ ಮೂಳೆಯ ಮೇಲೆ ಕೂರಬೇಕಾದ ಗಟ್ಟಿ ಬಟ್ಟಲು ದೊಡ್ಡ ಅಳತೆಯಲ್ಲಿ ಮೇಲಕ್ಕೋ ಹಿಂದಕ್ಕೋ ಸರಿದಿರುತ್ತದೆ. ಕಾಲನ್ನು ಕಾಯಬೇಕಾದ ಭಾಗ ಆಗ ಗಾಯದ ಕಲೆಯನ್ನು ಉಜ್ಜುವ ಭಾಗವಾಗುತ್ತದೆ. ಆದ್ದರಿಂದ ನೀವು ಹುಡುಕಬೇಕಾದದ್ದು ಉದ್ದದಲ್ಲಿ ನಿಮ್ಮದೇ ನಂಬರಿನ, ಆದರೆ ಅಗಲವಾದ ಮತ್ತು ಬಾಯಿ ಚೆನ್ನಾಗಿ ತೆರೆದುಕೊಳ್ಳುವ ಬೂಟನ್ನು.

ಊತದ ಬಗ್ಗೆಯೂ ಎರಡು ಮಾತು ಹೇಳಬೇಕು. ಇಂಥ ಮುರಿತ ಮತ್ತು ಶಸ್ತ್ರಚಿಕಿತ್ಸೆಯ ನಂತರ ಆರು ತಿಂಗಳು, ಕೆಲವರಿಗೆ ಒಂದು ವರ್ಷದವರೆಗೂ ಸಂಜೆಯ ಊತ ಇರುವುದು ಸಾಮಾನ್ಯ. ರಾತ್ರಿ ಕಾಲು ಚಾಚಿ ಮಲಗಿದಾಗ ಅದು ಇಳಿಯುತ್ತದೆ, ಹಗಲೆಲ್ಲ ನಿಂತರೆ ಅಥವಾ ಕಾಲು ಇಳಿಬಿಟ್ಟು ಕುಳಿತರೆ ಏರುತ್ತದೆ. ಬೈಕಿನ ಮೇಲೆ ಕೂರುವ ಭಂಗಿಯಲ್ಲಿ ಮಂಡಿ ಮಡಚಿರುತ್ತದೆ, ಪಾದ ಕೆಳಗಿರುತ್ತದೆ, ಮೀನಖಂಡದ ಸ್ನಾಯುಗಳಿಗೆ ಹೆಚ್ಚು ಕೆಲಸವಿರುವುದಿಲ್ಲ. ಹಾಗಾಗಿ ದೂರದ ಸವಾರಿಯಲ್ಲಿ ಊತ ಹೆಚ್ಚುವುದು ಸಹಜ. ಆದರೆ ಇಳಿಯುತ್ತಿದ್ದ ಊತ ಇದ್ದಕ್ಕಿದ್ದಂತೆ ಏರಿದರೆ, ಮೀನಖಂಡ ಬಿಸಿಯಾಗಿ, ಕೆಂಪಾಗಿ, ಮುಟ್ಟಿದರೆ ನೋಯುವಂತಾದರೆ, ಗಾಯದ ಕಲೆಯಿಂದ ಕೀವು ಅಥವಾ ನೀರು ಬಂದರೆ, ಬೂಟಿನ ಮಾತನ್ನು ಪಕ್ಕಕ್ಕಿಟ್ಟು ಅದೇ ದಿನ ವೈದ್ಯರನ್ನು ಕಾಣಬೇಕು. ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಕಾಲು ಹೀಗೆಯೇ ಊದುತ್ತದೆ. ಜೊತೆಗೆ ಉಸಿರು ಕಟ್ಟಿದಂತಾದರೆ ಒಂದು ಕ್ಷಣವೂ ತಡಮಾಡಬಾರದು.

ಇನ್ನು ಅಳತೆ. ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ, ದಿನದ ಕೆಲಸ ಮುಗಿದ ಮೇಲೆ, ಊತ ಪೂರ್ತಿ ಏರಿರುವ ಹೊತ್ತಿನಲ್ಲಿ ಅಳತೆ ತೆಗೆಯಿರಿ. ಸವಾರಿಗೆ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ಕಾಗದದ ಮೇಲೆ ಪೂರ್ತಿ ಭಾರ ಬಿಟ್ಟು ನಿಂತು, ಪೆನ್ಸಿಲನ್ನು ನೇರವಾಗಿ ಹಿಡಿದು ಎರಡೂ ಪಾದಗಳ ಸುತ್ತ ಗೆರೆ ಎಳೆಸಿಕೊಳ್ಳಿ. ನಂತರ ದರ್ಜಿಯ ಟೇಪಿನಿಂದ ಬೆರಳುಗಳ ಬುಡದ ಸುತ್ತಳತೆ, ಗಂಟಿನ ಮೂಳೆಗಳ ಮೇಲೆ ಹಾಯುವ ಸುತ್ತಳತೆ ಮತ್ತು ಮೀನಖಂಡದ ಅತಿ ದಪ್ಪ ಭಾಗದ ಸುತ್ತಳತೆಯನ್ನು ಬರೆದುಕೊಳ್ಳಿ. ಇವೆಲ್ಲಕ್ಕಿಂತ ಮುಖ್ಯವಾದ ಅಳತೆ ಒಂದಿದೆ, ಅದನ್ನು ಅಂಗಡಿಗಳಲ್ಲಿ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಟೇಪನ್ನು ಹಿಮ್ಮಡಿಯ ಕೆಳತುದಿಯಿಂದ ಓರೆಯಾಗಿ ಮೇಲಕ್ಕೆ ತಂದು, ಪಾದವು ಕಾಲನ್ನು ಕೂಡುವ ಮುಂಭಾಗದ ಮಡಿಕೆಯ ಮೇಲೆ ಸುತ್ತಿ ನೋಡಿ. ಬೂಟು ಹಾಕುವಾಗ ಅದರ ಕುತ್ತಿಗೆಯ ಮೂಲಕ ತೂರಿಹೋಗಬೇಕಾದ ಅತಿ ದೊಡ್ಡ ಅಳತೆ ಇದೇ. ಗಂಟು ಗಡುಸಾಗಿರುವ ನಿಮ್ಮಂಥವರಿಗೆ ಪಾದವನ್ನು ಬೆರಳ ತುದಿಯವರೆಗೆ ನೇರ ಚಾಚಿ ಒಳಗೆ ಜಾರಿಸುವುದು ಕಷ್ಟವಾದ್ದರಿಂದ, ಬೂಟು ಹಾಕುವ ಹೊತ್ತಿನಲ್ಲೇ ನೋವು ಶುರುವಾಗುತ್ತದೆ.

ಈ ಕಾರಣದಿಂದ, ಜಿಪ್ಪಿಲ್ಲದೆ ಮೇಲಿನಿಂದ ಎಳೆದು ಹಾಕುವ ಬೂಟನ್ನು ನೀವು ನೋಡುವುದೇ ಬೇಡ. ಜಿಪ್ಪಿನ ಬೂಟಾದರೆ ಜಿಪ್ಪು ಅಟ್ಟೆಯ ಹತ್ತಿರದವರೆಗೂ ಇಳಿದಿರಬೇಕು. ಗಂಟಿನ ಮೇಲೆಯೇ ನಿಂತುಹೋಗುವ ಅರ್ಧ ಜಿಪ್ಪಿನಿಂದ ಉಪಯೋಗವಿಲ್ಲ. ಜಿಪ್ಪು ಸಾಮಾನ್ಯವಾಗಿ ಒಳಬದಿಗೇ ಇರುತ್ತದೆ, ನಿಮಗೆ ಒಳಬದಿಯ ಮೂಳೆಯಲ್ಲೂ ಸ್ಕ್ರೂ ಇದೆ. ಆದ್ದರಿಂದ ಜಿಪ್ಪಿನ ಹಿಂದೆ ಮೆತ್ತನೆಯ ಚರ್ಮದ ಪಟ್ಟಿ ಇದೆಯೇ ಎಂದು ಬೆರಳು ಹಾಕಿ ನೋಡಿ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಸ್ಥಿತಿಗೆ ಅತ್ಯುತ್ತಮವಾದದ್ದು ದೂರಪ್ರಯಾಣಕ್ಕೆಂದು ಮಾಡಿದ ಬಕಲ್ ಬೂಟು. ಅದರ ಮುಂಭಾಗ ಪುಸ್ತಕದಂತೆ ತೆರೆದುಕೊಳ್ಳುತ್ತದೆ, ಪ್ರತಿ ಬಕಲನ್ನೂ ಬೇರೆ ಬೇರೆ ಬಿಗಿತಕ್ಕೆ ಹೊಂದಿಸಬಹುದು, ಮಧ್ಯಾಹ್ನ ಊತ ಏರಿದಾಗ ಗಂಟಿನ ಬಕಲನ್ನು ಮಾತ್ರ ಒಂದು ಹಲ್ಲು ಸಡಿಲಿಸಿ ಹಿಮ್ಮಡಿಯ ಹಿಡಿತವನ್ನು ಹಾಗೆಯೇ ಉಳಿಸಿಕೊಳ್ಳಬಹುದು. ಅಗಲ ವೆಲ್ಕ್ರೊ ಪಟ್ಟಿಯಿರುವ ಬೂಟು ಎರಡನೆಯ ಆಯ್ಕೆ. ಆದರೆ ಕೆಸರು ಮೆತ್ತಿದ ವೆಲ್ಕ್ರೊ ಹಿಡಿತ ಬಿಡುತ್ತದೆ ಎಂಬುದನ್ನು ಮಲೆನಾಡಿನವರಾದ ನೀವು ಗಮನದಲ್ಲಿಡಬೇಕು. ಮೋಟೊಕ್ರಾಸ್ ಸ್ಪರ್ಧೆಯ ಬೂಟು ಅತಿ ಗಟ್ಟಿ. ರಕ್ಷಣೆ ಹೆಚ್ಚೇ ಇದ್ದರೂ, ಗಂಟು ಮೊದಲೇ ಗಡುಸಾದವರಿಗೆ ಅದರೊಳಗಿಂದ ಬ್ರೇಕಿನ ಸ್ಪರ್ಶ ಸಿಗುವುದು ಕಷ್ಟ.

ಆಲ್ಪೈನ್‌ಸ್ಟಾರ್ಸ್, ಸಿಡಿ, ಟಿಸಿಎಕ್ಸ್ ಮುಂತಾದ ಹೆಸರಾಂತ ಬೂಟುಗಳು ಇಟಲಿಯವು. ಯುರೋಪಿನ ಪಾದಕ್ಕೆ ತಕ್ಕ ಅಚ್ಚಿನ ಮೇಲೆ ಹೊಲಿದವು ನಮ್ಮಲ್ಲಿ ಅನೇಕರಿಗೆ ಇಕ್ಕಟ್ಟೆನಿಸುತ್ತವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು ಭಾರತದ ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದಾಗಲೂ ನಮ್ಮ ಪಾದಗಳು ಒಟ್ಟಾರೆ ಅಗಲ ಎಂಬುದೇ ಕಂಡುಬಂತು. ಊತವಿಲ್ಲದ ಕಾಲಿಗೇ ಹೀಗಿರುವಾಗ, ನಿಮ್ಮಂಥವರು ಕೇವಲ ನಂಬರ್ ನೋಡಿ ಆನ್‌ಲೈನಿನಲ್ಲಿ ತರಿಸುವುದು ಜಾಣತನವಲ್ಲ. ತರಿಸಲೇಬೇಕಾದರೆ ಹಿಂದಿರುಗಿಸುವ ಅವಕಾಶವಿದೆಯೇ ಎಂದು ಖಚಿತ ಮಾಡಿಕೊಂಡು, ಸಂಜೆ ಹೊತ್ತಿನಲ್ಲಿ ಮನೆಯೊಳಗೆ ಮಾತ್ರ ಹಾಕಿ ನೋಡಿ.

ಬೂಟು ಸವಾರರಿಗೆಂದೇ ಮಾಡಿದ್ದೇ ಎಂದು ತಿಳಿಯಲು ಒಳಗಿನ ಪಟ್ಟಿಯಲ್ಲಿ ಇಎನ್ 13634 ಎಂಬ ಯುರೋಪಿನ ಮಾನದಂಡದ ಸಂಖ್ಯೆಯನ್ನು ಹುಡುಕಿ. ಅದರ ಕೆಳಗೆ 1 ಅಥವಾ 2 ಎಂಬ ನಾಲ್ಕು ಅಂಕಿಗಳಿರುತ್ತವೆ. ಅವು ಕ್ರಮವಾಗಿ ಬೂಟಿನ ಎತ್ತರ, ರಸ್ತೆಯ ಉಜ್ಜುವಿಕೆಯನ್ನು ತಾಳುವ ಶಕ್ತಿ, ಹರಿತವಾದ ವಸ್ತುವಿನ ಹೊಡೆತವನ್ನು ತಾಳುವ ಶಕ್ತಿ, ಮತ್ತು ಪಕ್ಕದಿಂದ ಅಮುಕಿದಾಗ ಅಟ್ಟೆ ಮಡಚದಿರುವ ಗಟ್ಟಿತನವನ್ನು ಹೇಳುತ್ತವೆ. 2 ಎಂಬುದು ಹೆಚ್ಚಿನ ಮಟ್ಟ. ನಿಮಗೆ ಇವುಗಳಿಗಿಂತಲೂ ಬೇಕಾದದ್ದು ಐಪಿಎ ಎಂಬ ಅಕ್ಷರಗಳು. ಗಂಟಿನ ಮೇಲೆ ಬೀಳುವ ಪೆಟ್ಟನ್ನು ತಡೆಯುವ ಪರೀಕ್ಷೆಯಲ್ಲಿ ಬೂಟು ತೇರ್ಗಡೆಯಾಗಿದೆ ಎಂಬುದರ ಗುರುತು ಅದು. ಈ ಪರೀಕ್ಷೆ ಕಡ್ಡಾಯವಲ್ಲದ್ದರಿಂದ ಎಲ್ಲ ಬೂಟುಗಳಲ್ಲೂ ಈ ಗುರುತು ಇರುವುದಿಲ್ಲ.

ಆ ರಕ್ಷಣೆಯ ಬಟ್ಟಲೇ ಪ್ಲೇಟಿನ ಮೇಲೆ ಒತ್ತಿದರೆ ಏನು ಮಾಡುವುದು? ಬಟ್ಟಲನ್ನು ಕಿತ್ತು ಹಾಕಬೇಡಿ, ಕೊರೆಯಲೂ ಬೇಡಿ. ಅರ್ಧ ಸೆಂಟಿಮೀಟರ್ ದಪ್ಪದ ಮೆತ್ತನೆಯ ಫೋಮನ್ನು ಉದ್ದಿನ ವಡೆಯ ಆಕಾರದಲ್ಲಿ ಕತ್ತರಿಸಿ, ಮೂಳೆಯ ಉಬ್ಬು ನಡುವಿನ ತೂತಿನೊಳಗೆ ಬರುವಂತೆ ಕಾಲುಚೀಲದ ಒಳಗೆ ಇಟ್ಟುಕೊಂಡರೆ ಒತ್ತಡ ಉಬ್ಬಿನ ಮೇಲೆ ಬೀಳದೆ ಸುತ್ತಲೂ ಹಂಚಿಹೋಗುತ್ತದೆ. ಇದಕ್ಕೂ ಬೂಟಿನೊಳಗೆ ಜಾಗ ಬೇಕಲ್ಲ, ಒಳಗಿನ ತೆಗೆಯುವ ಅಟ್ಟೆಯನ್ನು ತೆಗೆದು ತೆಳುವಾದುದನ್ನು ಹಾಕಿದರೆ ಕೆಲವು ಮಿಲಿಮೀಟರ್ ಸಿಗುತ್ತದೆ. ತೆಗೆದ ಅಟ್ಟೆಯನ್ನು ಎಸೆಯಬೇಡಿ, ಊತ ಇಳಿದ ಮೇಲೆ ಅದೇ ಬೂಟನ್ನು ಬಿಗಿಗೊಳಿಸಲು ಅದು ಬೇಕಾಗುತ್ತದೆ. ಎಡಗಾಲಿನಲ್ಲಿ ಅದು ಈಗಲೂ ಹಾಗೆಯೇ ಇರಲಿ.

ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ ಎಂದು ಅಂಗಡಿಯವರು ಹೇಳುವುದುಂಟು. ಅಪ್ಪಟ ಚರ್ಮದ ಬೂಟಿನ ಮಟ್ಟಿಗೆ ಇದು ಸ್ವಲ್ಪ ನಿಜ. ಒಳ್ಳೆಯ ಚರ್ಮ ಕುಶಲಕರ್ಮಿಯೊಬ್ಬರು ಮರದ ಅಚ್ಚು ಕೂರಿಸಿ, ಉಬ್ಬು ಬೇಕಾದ ಕಡೆ ಮಾತ್ರ ಚರ್ಮವನ್ನು ಹಿಗ್ಗಿಸಿ ಕೊಡಬಲ್ಲರು, ಅವರ ಕೈಚಳಕಕ್ಕೆ ಕೊಡುವ ಹಣ ಖಂಡಿತ ಸಾರ್ಥಕ. ಆದರೆ ಕೃತಕ ಚರ್ಮ ಹಿಗ್ಗುವುದಿಲ್ಲ. ನೀರು ತಡೆಯುವ ಪೊರೆ ಒಳಗಿರುವ ಬೂಟನ್ನು ಬಲವಂತವಾಗಿ ಹಿಗ್ಗಿಸಿದರೆ ಪೊರೆ ಹರಿದು ಮಳೆಗಾಲದಲ್ಲಿ ಬೂಟು ನಿರುಪಯೋಗಿಯಾಗುತ್ತದೆ.

ಬೂಟು ಸಿಕ್ಕ ಮೇಲೆ ಬೈಕನ್ನೂ ಅದಕ್ಕೆ ಹೊಂದಿಸಬೇಕು, ಇದನ್ನು ಬಹುತೇಕರು ಮರೆಯುತ್ತಾರೆ. ಪಾದವನ್ನು ಮೇಲಕ್ಕೆತ್ತುವ ಶಕ್ತಿ ಇಂಥ ಮುರಿತದ ನಂತರ ಕುಗ್ಗಿರುತ್ತದೆ. ಹಾಗಾದಾಗ ಬ್ರೇಕ್ ಪೆಡಲ್ ಮೇಲೆ ಪಾದವನ್ನು ತೇಲಿಸಿ ಹಿಡಿಯಲಾಗದೆ ಅರಿವಿಲ್ಲದೆ ಬ್ರೇಕ್ ಒತ್ತಿಕೊಂಡೇ ಓಡಿಸುವ ಅಪಾಯವಿದೆ. ಮೆಕ್ಯಾನಿಕ್‌ಗೆ ಹೇಳಿ, ಹೊಸ ಬೂಟು ಹಾಕಿಕೊಂಡೇ ಕುಳಿತು, ಪೆಡಲನ್ನು ತುಸು ಕೆಳಗಿಳಿಸಿ, ಹಿಂದಿನ ದೀಪ ಸರಿಯಾದ ಹೊತ್ತಿಗೆ ಉರಿಯುತ್ತದೆಯೇ ನೋಡಿಸಿ. ಕಿಕ್ ಹೊಡೆಯುವುದನ್ನು ಸದ್ಯಕ್ಕೆ ಪೂರ್ತಿ ಬಿಡಿ, ಬುಲೆಟ್ಟಿನ ಕಿಕ್ ತಿರುಗಿ ಹೊಡೆದರೆ ಅದರ ಪೆಟ್ಟು ನೇರ ಗಂಟಿಗೇ ಬೀಳುತ್ತದೆ. ಎಡಗಾಲಿಗೆ ಪೆಟ್ಟಾದ ಓದುಗರು ಗೇರ್ ಲಿವರಿನ ಕೆಳಗೆ ಬೂಟಿನ ಮೂತಿ ಸಲೀಸಾಗಿ ತೂರುವಂತೆ ಲಿವರನ್ನು ಒಂದೆರಡು ಹಲ್ಲು ಮೇಲಕ್ಕೆ ಕೂರಿಸಿಕೊಳ್ಳಬಹುದು. ಹಿಮ್ಮಡಿಯಿಂದಲೂ ತುಳಿಯಬಹುದಾದ ಉದ್ದ ಲಿವರ್ ಇದ್ದರೆ ಪಾದ ಎತ್ತುವ ಶ್ರಮವೇ ಉಳಿಯುತ್ತದೆ. ಬಲಬದಿಗೆ ಗೇರ್ ಇರುವ ಹಳೆಯ ಬುಲೆಟ್ ಇಟ್ಟುಕೊಂಡವರು ಈ ಮಾತುಗಳನ್ನು ಎಡ-ಬಲ ಬದಲಿಸಿ ಓದಿಕೊಳ್ಳಬೇಕು.

ಬೂಟನ್ನು ಅರ್ಧ ಗಂಟೆ ಹಾಕಿಕೊಂಡು, ನಡೆದು, ಮೆಟ್ಟಿಲೇರಿ, ನಿಲ್ಲಿಸಿದ ಬೈಕಿನ ಮೇಲೆ ಕುಳಿತು ಬ್ರೇಕ್ ಒತ್ತಿ ನೋಡಿ, ಆಮೇಲೆ ಬಿಚ್ಚಿ ಚರ್ಮವನ್ನು ಪರೀಕ್ಷಿಸಿ. ಕೆಂಪು ಗುರುತು ಇಪ್ಪತ್ತು ನಿಮಿಷದೊಳಗೆ ಮಾಯವಾದರೆ ಚಿಂತೆಯಿಲ್ಲ, ಉಳಿದರೆ ಆ ಜಾಗದಲ್ಲಿ ಬೂಟು ಒತ್ತುತ್ತಿದೆ ಎಂದೇ ಅರ್ಥ. ನಂತರ ಖಾಲಿ ಮೈದಾನದಲ್ಲಿ ನಿಧಾನ ವೇಗದಲ್ಲಿ ಥಟ್ಟನೆ ಬ್ರೇಕ್ ಹಾಕುವ ಅಭ್ಯಾಸ ಮಾಡಿ. ಅದು ನೋವಿಲ್ಲದೆ ಸಾಧ್ಯವಾಗುವವರೆಗೆ ಚಾರ್ಮಾಡಿ ಘಾಟಿಯತ್ತ ಹೋಗಬೇಡಿ.

ಪ್ರಶ್ನೆ: ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತೇನೆ. ಎಡ ಪಾದ ಪದೇ ಪದೇ ಉಳುಕುತ್ತದೆ. ಬೈಕ್ ಬೂಟಿನ ಬೆಲೆ ಕೈಗೆಟುಕುವುದಿಲ್ಲ. ಕಾರ್ಖಾನೆಯಲ್ಲಿ ಕೊಟ್ಟ ಉಕ್ಕಿನ ಮೂತಿಯ ಸೇಫ್ಟಿ ಶೂ ಸಾಕೆ? ಒಳಗೆ ಗಂಟಿನ ಪಟ್ಟಿ ಕಟ್ಟಿಕೊಳ್ಳಬಹುದೆ?

ಉತ್ತರ: ಚಪ್ಪಲಿಗಿಂತ ಅದು ಎಷ್ಟೋ ಮೇಲು. ಅದರ ಅಟ್ಟೆ ಎಣ್ಣೆ ಚೆಲ್ಲಿದ ನೆಲದಲ್ಲೂ ಹಿಡಿತ ಕೊಡುವಂಥದ್ದು. ಆದರೆ ಐಎಸ್ 15298 ಎಂಬ ಭಾರತೀಯ ಮಾನದಂಡದ ಗುರುತಿನ ಆ ಶೂಗಳು ಮುಖ್ಯವಾಗಿ ಬೆರಳುಗಳ ಮೇಲೆ ಭಾರ ಬೀಳುವುದನ್ನು ತಡೆಯಲು ಮಾಡಿದವು, ಗಿಡ್ಡ ಮಾದರಿಯಲ್ಲಿ ಗಂಟು ಹೊರಗೇ ಇರುತ್ತದೆ. ಗಂಟು ಮುಚ್ಚುವ ಎತ್ತರದ ಮಾದರಿ ಸಿಗುವುದಾದರೆ ಅದನ್ನೇ ಕೇಳಿ ಪಡೆಯಿರಿ. ದಪ್ಪ ಮೂತಿ ಗೇರ್ ಲಿವರಿನ ಕೆಳಗೆ ಸಿಕ್ಕಿಕೊಳ್ಳದಂತೆ ಲಿವರನ್ನು ಎತ್ತರಿಸಿ, ಲೇಸಿನ ತುದಿಗಳನ್ನು ಶೂ ಒಳಕ್ಕೆ ಸೇರಿಸಿ. ಪಟ್ಟಿಯ ವಿಷಯದಲ್ಲಿ, ಬಟ್ಟೆಯಿಂದ ಮಾಡಿದ, ಲೇಸಿನಿಂದ ಬಿಗಿಯುವ ತೆಳು ಪಟ್ಟಿ ಶೂ ಒಳಗೆ ಹಿಡಿಯುತ್ತದೆ, ಎರಡು ಬದಿಗೆ ಪ್ಲಾಸ್ಟಿಕ್ ಹಲಗೆಯಿರುವುದು ಹಿಡಿಯುವುದಿಲ್ಲ. ಸ್ಥಿತಿಸ್ಥಾಪಕ ಬ್ಯಾಂಡೇಜನ್ನು ಬಿಗಿಯಾಗಿ ಸುತ್ತಿ ಅದರ ಮೇಲೆ ಬಿಗಿ ಶೂ ಹಾಕಿದರೆ ಬೆರಳು ಜೋಮು ಹಿಡಿಯುತ್ತದೆ, ಗೇರಿನ ಸ್ಪರ್ಶವೇ ತಿಳಿಯುವುದಿಲ್ಲ. ಪದೇ ಪದೇ ಉಳುಕುವುದೆಂದರೆ ಗಂಟಿನ ಹೊರಬದಿಯ ಅಸ್ಥಿರಜ್ಜುಗಳು ಸಡಿಲವಾಗಿರುವ ಸಾಧ್ಯತೆ ಇದೆ. ಒಂಟಿಗಾಲಿನಲ್ಲಿ ಸಮತೋಲ ಹಿಡಿಯುವಂಥ ವ್ಯಾಯಾಮಗಳನ್ನು ಫಿಸಿಯೊಥೆರಪಿಸ್ಟ್ ಬಳಿ ಕಲಿತು ಮಾಡಿದರೆ ಆಗುವ ಪ್ರಯೋಜನ ಬೂಟಿನಿಂದ ಆಗದು.

ಪ್ರಶ್ನೆ: ಯಾದಗಿರಿಯಲ್ಲಿ ಶಿಕ್ಷಕಿಯಾಗಿದ್ದೇನೆ, ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಇವೆ. ಶಾಲೆಗೆ ದಿನಾ ಸ್ಕೂಟರಿನಲ್ಲಿ ಹೋಗುತ್ತೇನೆ. ಇತ್ತೀಚೆಗೆ ಎರಡೂ ಪಾದ ಊದುತ್ತಿವೆ. ಯಾವ ಬೂಟು ಕೊಳ್ಳಲಿ?

ಉತ್ತರ: ಬೂಟಿಗಿಂತ ಮೊದಲು ಕಾರಣ ತಿಳಿಯಬೇಕು, ಅಕ್ಕಾ. ಎರಡೂ ಪಾದ ಒಟ್ಟಿಗೆ ಊದಿದರೆ ಮೂಲ ಪಾದದಲ್ಲಿರದೆ ಹೃದಯ, ಮೂತ್ರಪಿಂಡ ಅಥವಾ ಯಕೃತ್ತಿನಲ್ಲಿರಬಹುದು. ರಕ್ತದೊತ್ತಡಕ್ಕೆ ಕೊಡುವ ಆಮ್ಲೊಡಿಪಿನ್ ಎಂಬ ಮಾತ್ರೆಯಿಂದಲೂ ಪಾದ ಊದುವುದುಂಟು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ತೋರಿಸಿ. ನಿಮ್ಮ ಭಾಗದಲ್ಲಿ ಆನೆಕಾಲು ರೋಗವೂ ಇರುವುದರಿಂದ ಅದರ ತಪಾಸಣೆಯನ್ನೂ ಕೇಳಿ ಮಾಡಿಸಿಕೊಳ್ಳಿ. ಸ್ಕೂಟರಿನಲ್ಲಿ ಪಾದಕ್ಕೆ ಗೇರು, ಬ್ರೇಕಿನ ಕೆಲಸವಿಲ್ಲದ ಕಾರಣ ಗಡುಸು ಬೂಟು ನಿಮಗೆ ಬೇಕಿಲ್ಲ. ಗಂಟು ಮುಚ್ಚುವ, ಮುಂಭಾಗ ಪೂರ್ತಿ ತೆರೆಯುವ, ಒಳಗೆ ಹೊಲಿಗೆಯ ಉಬ್ಬಿಲ್ಲದ, ಬೆರಳಿನ ಕಡೆ ಅಗಲವಾದ ಮೆತ್ತನೆಯ ಬೂಟು ಸಾಕು. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿರಬಹುದಾದ್ದರಿಂದ ನೋವಿಲ್ಲ ಎಂಬ ಮಾತ್ರಕ್ಕೆ ಬೂಟು ಹೊಂದಿದೆ ಎಂದುಕೊಳ್ಳುವಂತಿಲ್ಲ. ಹಾಕುವ ಮೊದಲು ಒಳಗೆ ಕೈಯಾಡಿಸಿ ಕಲ್ಲು, ಮುಳ್ಳು ಇಲ್ಲವೆಂದು ಖಚಿತ ಮಾಡಿಕೊಳ್ಳಿ. ಶಾಲೆ ಮುಟ್ಟಿದ ಮೇಲೆ ಬಿಚ್ಚಿ ಕಣ್ಣಿನಿಂದಲೇ ನೋಡಿ, ಅಂಗಾಲು ಕಾಣದಿದ್ದರೆ ಸಣ್ಣ ಕನ್ನಡಿ ಹಿಡಿಯಿರಿ. ಒಂದು ಸಣ್ಣ ಬೊಬ್ಬೆ ಕಂಡರೂ ಆ ಬೂಟನ್ನು ಮತ್ತೆ ಹಾಕದೆ ಅಂದೇ ವೈದ್ಯರಿಗೆ ತೋರಿಸಿ.