ಹೃದಯದ ಚಿಕಿತ್ಸೆಗೆ ಬೆಳಕಿನ ಚಿತ್ರ ಏಕೆ ಬೇಕು? ಅದರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರ್‌ಗೆ ಏನು ಕೆಲಸ?

ಎಕೋ, ಎಕ್ಸ್-ರೇ, ಎಂಆರ್‌ಐ ಎಲ್ಲ ಇರುವಾಗ ಕೊಲಂಬಿಯಾ ವಿಶ್ವವಿದ್ಯಾಲಯದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕಿ ಕ್ರಿಸ್ಟಿನ್ ಹೆಂಡನ್ ಹೃದಯವನ್ನು ಬೆಳಕಿನಿಂದ ನೋಡಲು ಹೊರಟಿದ್ದೇಕೆ ಎಂದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿಯಾದ ನೀವು ಕೇಳಿದ್ದೀರಿ. ನಾನು ಬೆಳಕಿನಿಂದ ಕಣ್ಣಿನ ಒಳಪದರಗಳ ಚಿತ್ರ ತೆಗೆಯುವ ಒಸಿಟಿ ಯಂತ್ರಗಳಿಗೆ ಸಾಫ್ಟ್‌ವೇರ್ ಬರೆಯುವವನು, ವೈದ್ಯನಲ್ಲ. ಆದರೆ ಇದೇ ತಂತ್ರ ಹೃದಯದೊಳಗೆ ಇಳಿದ ಬಗೆಯನ್ನು ವರ್ಷಗಳಿಂದ ಆಸ್ಥೆಯಿಂದ ಓದುತ್ತ ಬಂದಿದ್ದೇನೆ.

ಮೊದಲು ಚಿಕಿತ್ಸೆಯ ಕಷ್ಟ ತಿಳಿಯಬೇಕು. ಏಟ್ರಿಯಲ್ ಫಿಬ್ರಿಲೇಷನ್‌ನಲ್ಲಿ ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುತ್ತವೆ. ಅಲ್ಲಿ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋದರೆ ಪಾರ್ಶ್ವವಾಯು. ಲಯ ಕೆಡಿಸುವ ಸಂಕೇತಗಳು ಹೆಚ್ಚಾಗಿ ಶ್ವಾಸಕೋಶದಿಂದ ಎಡ ಹೃತ್ಕರ್ಣಕ್ಕೆ (ಎಡಗಡೆಯ ಮೇಲಿನ ಕೋಣೆಗೆ) ಬರುವ ರಕ್ತನಾಳಗಳಲ್ಲಿ ಹುಟ್ಟುತ್ತವೆ ಎಂದು 1998ರಲ್ಲಿ ಫ್ರಾನ್ಸಿನ ಬೋರ್ಡೊ ನಗರದ ವೈದ್ಯರು ತೋರಿಸಿಕೊಟ್ಟರು. ಅಂದಿನಿಂದ ತೊಡೆಸಂದಿನ ಮೂಲಕ ಕ್ಯಾತಿಟರ್ ಎಂಬ ತೆಳು ಕೊಳವೆ ತೂರಿಸಿ, ಆ ನಾಳಗಳ ಬಾಯಿಯ ಸುತ್ತ ಸ್ನಾಯುವನ್ನು ಚುಕ್ಕಿ ಚುಕ್ಕಿಯಾಗಿ ಸುಟ್ಟು ಸಂಕೇತಕ್ಕೆ ತಡೆ ಹಾಕುವುದು ರೂಢಿಗೆ ಬಂತು. ಇದೇ ಅಬ್ಲೇಷನ್.

ಅಲ್ಲಿನ ಗೋಡೆಯ ದಪ್ಪ ಕೆಲವೇ ಮಿಲಿಮೀಟರ್, ಬೆನ್ನಿಗೇ ಅನ್ನನಾಳ. ಹೆಚ್ಚು ಸುಟ್ಟರೆ ಅಪಾಯ. ಕಡಿಮೆ ಸುಟ್ಟರೆ ಸ್ನಾಯು ಆ ಹೊತ್ತಿಗೆ ಸತ್ತಂತೆ ಕಂಡು, ಊತ ಇಳಿದ ಮೇಲೆ ಮತ್ತೆ ವಿದ್ಯುತ್ ಹರಿಸುತ್ತದೆ. ರೋಗಿ ತಿಂಗಳುಗಳ ನಂತರ ಅದೇ ಮಂಚಕ್ಕೆ ಮರಳಬೇಕಾಗುತ್ತದೆ. ಕ್ಯಾತಿಟರ್ ಎಲ್ಲಿದೆ, ಎಷ್ಟು ಒತ್ತುತ್ತಿದೆ, ತುದಿಯ ಉಷ್ಣತೆ ಎಷ್ಟು ಎಂಬುದೆಲ್ಲ ವೈದ್ಯರಿಗೆ ಗೊತ್ತಾಗುತ್ತದೆ. ಸುಡುತ್ತಿರುವ ಸ್ನಾಯುವಿನ ಒಳಗೆ ಏನಾಗುತ್ತಿದೆ ಎಂಬುದು ಮಾತ್ರ ಕಾಣುವುದಿಲ್ಲ. ನನ್ನ ದೃಷ್ಟಿಯಲ್ಲಿ ಹೆಂಡನ್ ಅವರ ಸಂಶೋಧನೆಯ ತಿರುಳು ಇದೇ: ಸುಡುವ ಗಳಿಗೆಯಲ್ಲೇ, ಸುಡುವ ಜಾಗದಲ್ಲೇ, ಕೆಲಸ ಆಯಿತೇ ಇಲ್ಲವೇ ಎಂದು ತಿಳಿಯುವುದು.

ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ, ಅಂದರೆ ಒಸಿಟಿ, 1991ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯದಿಂದ ಹೊರಬಂತು. ಅದಕ್ಕಾಗಿ ಜೇಮ್ಸ್ ಫ್ಯುಜಿಮೊಟೊ, ಡೇವಿಡ್ ಹುವಾಂಗ್, ಎರಿಕ್ ಸ್ವಾನ್ಸನ್ 2023ರಲ್ಲಿ ವೈದ್ಯಕೀಯ ಸಂಶೋಧನೆಗೆ ಕೊಡುವ ಲಾಸ್ಕರ್ ಪ್ರಶಸ್ತಿ ಪಡೆದರು. ಅಲ್ಟ್ರಾಸೌಂಡ್ ಶಬ್ದದ ಪ್ರತಿಧ್ವನಿಯನ್ನು ಅಳೆದರೆ, ಇದು ಅಂಗಾಂಶದಿಂದ ಮರಳುವ ಬೆಳಕನ್ನು ಅಳೆಯುತ್ತದೆ. ಬೆಳಕಿನ ವೇಗಕ್ಕೆ ಯಾವ ಗಡಿಯಾರವೂ ಸಾಲದು. ಹಾಗಾಗಿ ಮರಳಿದ ಬೆಳಕನ್ನು ಇನ್ನೊಂದು ಕಿರಣದೊಂದಿಗೆ ಬೆರೆಸಿ, ಎರಡು ಅಲೆಗಳು ಕೂಡಿದಾಗ ಹುಟ್ಟುವ ವ್ಯತಿಕರಣದ ಪಟ್ಟಿಗಳಿಂದ ಆಳವನ್ನು ಲೆಕ್ಕ ಹಾಕುತ್ತಾರೆ. ಇಂದಿನ ಯಂತ್ರಗಳಲ್ಲಿ ಆ ಲೆಕ್ಕ ನಿಮ್ಮ ಪಠ್ಯದಲ್ಲಿರುವ, ಸಂಕೇತವನ್ನು ಅದರ ಆವರ್ತನಗಳಾಗಿ ಬಿಡಿಸುವ ಫೋರಿಯರ್ ಪರಿವರ್ತನೆಯೇ! ಎಲೆಕ್ಟ್ರಿಕಲ್ ಎಂಜಿನಿಯರ್ ಇಲ್ಲಿ ಹೊರಗಿನವರಲ್ಲ. ಲೇಸರ್, ಡಿಟೆಕ್ಟರ್, ಸಂಕೇತ ಸಂಸ್ಕರಣೆ ಎಲ್ಲವೂ ಅವರ ಕೈಯಲ್ಲೇ ಇದೆ. ಸುಮಾರು 10 ಮೈಕ್ರಾನ್‌ನಷ್ಟು (ಮಿಲಿಮೀಟರ್‌ನ ನೂರನೇ ಒಂದು ಭಾಗದಷ್ಟು) ಸೂಕ್ಷ್ಮ ವಿವರ ಕಾಣುತ್ತದೆ.

ಹೆಂಡನ್ ಎಂಐಟಿಯಲ್ಲಿ ಓದಿ, ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುವಾಗಲೇ ಒಸಿಟಿಯನ್ನು ಅಬ್ಲೇಷನ್‌ಗೆ ಹೊಂದಿಸುವ ಕೆಲಸಕ್ಕೆ ಇಳಿದರು. ಇದರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಧ್ರುವೀಕರಣದ, ಅಂದರೆ ಬೆಳಕಿನ ಅಲೆ ಕಂಪಿಸುವ ದಿಕ್ಕಿನ, ಬಳಕೆ. ಆರೋಗ್ಯವಂತ ಹೃದಯಸ್ನಾಯುವಿನ ಎಳೆಗಳು ಒಂದೇ ದಿಕ್ಕಿಗೆ ಸಾಲುಗಟ್ಟಿರುತ್ತವೆ. ಆದ್ದರಿಂದ ಅವುಗಳ ಮೂಲಕ ಹಾದ ಬೆಳಕಿನ ಧ್ರುವೀಕರಣ ಬದಲಾಗುತ್ತದೆ. ಬಿಸಿ ತಾಗಿ ಪ್ರೋಟೀನ್ ಕೆಟ್ಟಾಗ ಆ ಗುಣ ಕುಸಿಯುತ್ತದೆ, ಚಿತ್ರದಲ್ಲಿ ಅದು ಗೊತ್ತಾಗುತ್ತದೆ. ಸ್ನಾಯು ಎಲ್ಲಿಯವರೆಗೆ ಬೆಂದಿದೆ ಎಂಬುದನ್ನು ಬಣ್ಣ ಹಚ್ಚದೆ, ಕತ್ತರಿಸದೆ ಓದಬಹುದು.

ಮಿತಿಗಳೂ ಇವೆ. ಇಂತಹ ಅಂಗಾಂಶದಲ್ಲಿ ಒಸಿಟಿ ನೋಡಬಲ್ಲದ್ದು ಒಂದೆರಡು ಮಿಲಿಮೀಟರ್ ಆಳ ಮಾತ್ರ. ತೆಳುವಾದ ಹೃತ್ಕರ್ಣಕ್ಕೆ ಅದು ಹೊಂದುತ್ತದೆ, ದಪ್ಪ ಗೋಡೆಯ ಹೃತ್ಕುಕ್ಷಿಗೆ (ಕೆಳಗಿನ ಕೋಣೆಗೆ) ಸಾಲದು. ರಕ್ತ ಬೆಳಕನ್ನು ಚದುರಿಸುವುದರಿಂದ ಕ್ಯಾತಿಟರ್ ಗೋಡೆಗೆ ಸರಿಯಾಗಿ ತಾಗಿರಬೇಕು. ಇನ್ನಷ್ಟು ಆಳಕ್ಕೆ ಹೆಂಡನ್ ತಂಡ ಕಣ್ಣಿಗೆ ಕಾಣುವ ಬೆಳಕಿಗೆ ಹತ್ತಿರದ ಇನ್‌ಫ್ರಾರೆಡ್ ಬೆಳಕಿನ ರೋಹಿತವನ್ನು (ಸ್ಪೆಕ್ಟ್ರಮ್) ಅಳೆಯುವ ಕ್ಯಾತಿಟರ್‌ಗಳ ಮೇಲೂ ಕೆಲಸ ಮಾಡಿದೆ. ಅದರಲ್ಲಿ ಚಿತ್ರ ಮೂಡುವುದಿಲ್ಲ, ಗಾಯದ ಆಳದ ಅಂದಾಜು ಸಿಗುತ್ತದೆ.

ಪಿಎಚ್‌ಡಿಗೆ ಇಲ್ಲಿ ಜಾಗ ಉಳಿದಿದೆಯೇ ಎಂದೂ ಕೇಳಿದ್ದೀರಿ. ಖಂಡಿತ ಉಳಿದಿದೆ. ಈಗ ಪಲ್ಸ್ಡ್ ಫೀಲ್ಡ್ ಅಬ್ಲೇಷನ್ ವೇಗವಾಗಿ ಹರಡುತ್ತಿದೆ. ಅಮೆರಿಕದಲ್ಲಿ ಅದಕ್ಕೆ ಮೊದಲ ಅನುಮತಿ ಸಿಕ್ಕಿದ್ದು 2023ರ ಡಿಸೆಂಬರ್‌ನಲ್ಲಿ. ಅದು ಮುಖ್ಯವಾಗಿ ಶಾಖದಿಂದಲ್ಲ, ಅತಿ ಚಿಕ್ಕ ವಿದ್ಯುತ್ ಹೊಡೆತಗಳಿಂದ ಜೀವಕೋಶಗಳ ಪೊರೆಯನ್ನು ತೂತು ಮಾಡಿ ಕೊಲ್ಲುತ್ತದೆ. ಹಾಗಿದ್ದರೆ ಬೇಯದ ಸ್ನಾಯುವಿನಲ್ಲಿ ಸಾವಿನ ಗುರುತನ್ನು ಬೆಳಕು ಹೇಗೆ ಹಿಡಿಯಬೇಕು? ನಾನು ನಿಮ್ಮ ಜಾಗದಲ್ಲಿದ್ದಿದ್ದರೆ ಈ ಪ್ರಶ್ನೆಯನ್ನೇ ಹಿಡಿದುಕೊಂಡು ಮಾರ್ಗದರ್ಶಕರನ್ನು ಹುಡುಕುತ್ತಿದ್ದೆ.