ಬಾಹ್ಯಾಕಾಶದಲ್ಲಿ ಅಲಸಂಡೆಯ ಡಿಎನ್‌ಎ ಹಾಳಾಗುತ್ತದಾ?

ಪ್ರಶ್ನೆ: ಸರ್, ಇಸ್ರೋದವರು ಬಾಹ್ಯಾಕಾಶದಲ್ಲಿ ಅಲಸಂಡೆ ಬೀಜ ಮೊಳಕೆ ಬರಿಸಿದ್ದನ್ನು ಓದಿದ್ದೆ. ಆಮೇಲೆ ಶುಭಾಂಶು ಶುಕ್ಲಾ ಅವರು ಹೆಸರು, ಮೆಂತೆ ಮೊಳಕೆ ಬರಿಸಿದರು. ಅಲ್ಲಿನ ವಿಕಿರಣಕ್ಕೆ ಗಿಡದ ಡಿಎನ್‌ಎ ಹಾಳಾಗುವುದಿಲ್ಲವೇ? ಅಂಥ ಗಿಡ ತಿನ್ನಬಹುದಾ?
– ಪಿಯುಸಿ ವಿದ್ಯಾರ್ಥಿನಿ, ಕಾಪು

ಉತ್ತರ: ಎಲ್ಲರಿಗೂ ಮೊದಲು ಹೊಳೆಯುವುದು ವಿಕಿರಣವೇ. ಅದು ಡಿಎನ್‌ಎಯ ಎಳೆಗಳನ್ನು ತುಂಡು ಮಾಡಬಲ್ಲದು, ನಿಜ. ಆದರೆ ಶುಕ್ಲಾ ಅವರು ಹೋಗಿದ್ದ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರುವುದು ಸುಮಾರು 400 ಕಿ.ಮೀ. ಎತ್ತರದಲ್ಲಿ. ಭೂಮಿಯ ಕಾಂತಕ್ಷೇತ್ರದ ರಕ್ಷಣೆ ಅಲ್ಲಿಗೂ ಇದೆ. ನನ್ನ ಪ್ರಕಾರ ಅಲ್ಲಿ ಗಿಡಕ್ಕೆ ದಿನನಿತ್ಯದ ಕಷ್ಟ ಬೇರಿನದ್ದು.

ಇಲ್ಲಿ ಸುರಿದ ನೀರು ಕೆಳಗೆ ಇಳಿಯುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ಅಲ್ಲಿ ಯಾವುದಕ್ಕೂ ತೂಕವಿಲ್ಲದ ಸ್ಥಿತಿ, ಹಾಗಾಗಿ ನೀರು ಬೇರಿಗೆ ಅಂಟಿಕೊಂಡು ಹಾಗೇ ನಿಲ್ಲುತ್ತದೆ. ಬಿಸಿ ಗಾಳಿ ಮೇಲೇರುವುದಿಲ್ಲ, ಹಾಗಾಗಿ ಗಾಳಿಯೂ ತಾನಾಗಿ ಓಡಾಡುವುದಿಲ್ಲ. ಬೇರಿಗೆ ಉಸಿರು ಕಟ್ಟುತ್ತದೆ. ಆಟಿಯ ಮಳೆಗೆ ಬಸಳೆ ಬುಡದಲ್ಲಿ ನೀರು ನಿಂತರೆ ಆಗುವ ಸಂಕಟವೇ ಇದು. ಆಲ್ಕೋಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ ನೀರಲ್ಲಿ ಮುಳುಗಿದ ಬೇರಿನಲ್ಲಿ ಜಾಸ್ತಿಯಾಗುತ್ತದೆ. ಬಾಹ್ಯಾಕಾಶದ ಬೇರುಗಳಲ್ಲೂ ಅದು ಜಾಸ್ತಿಯಾದದ್ದು ಕಂಡಿದೆ. ಎಷ್ಟು ಚಂದ ನೋಡಿ! ಎಂದೂ ಕಾಣದ ಜಾಗದಲ್ಲೂ ಗಿಡ ತನಗೆ ಗೊತ್ತಿರುವ ಉಪಾಯವನ್ನೇ ಹುಡುಕಿ ತೆಗೆಯುತ್ತದೆ.

ಇಂಥ ಒತ್ತಡದಲ್ಲಿ ಜೀವಕೋಶದೊಳಗೆ ಚುರುಕಾದ ಆಮ್ಲಜನಕದ ಕಣಗಳು ಹೆಚ್ಚುತ್ತವೆ. ಅವೂ ಡಿಎನ್‌ಎಗೆ ಪೆಟ್ಟು ಕೊಡುತ್ತವೆ. ಅವನ್ನು ತಡೆಯುವ, ಕೋಶಭಿತ್ತಿಯನ್ನು ತಿದ್ದುವ ಜೀನ್‌ಗಳು ಆಗ ಚುರುಕಾಗುತ್ತವೆ. ಬಿಸಿ ಇಲ್ಲದಿದ್ದರೂ ಬಿಸಿಗೆ ಎದ್ದೇಳುವ ಜೀನ್‌ಗಳು ಏಳುತ್ತವೆ. ಇಲ್ಲಿ ಒಂದು ವಿಷಯ ಗಮನಿಸಿ: ಜೀನ್ ಚುರುಕಾಗುವುದು ಬೇರೆ, ಡಿಎನ್‌ಎಯ ಬರಹವೇ ಬದಲಾಗುವುದು ಬೇರೆ. ಸುದ್ದಿಗಳಲ್ಲಿ ಇವೆರಡೂ ಕಲಸಿಹೋಗುತ್ತವೆ.

ಡಿಎನ್‌ಎಯ ಕ್ಷೇಮ ತಿಳಿಯಲು ಟೆಲೋಮಿಯರನ್ನೂ ನೋಡುತ್ತಾರೆ. ಟೆಲೋಮಿಯರ್ ಅಂದರೆ ಡಿಎನ್‌ಎ ಸುತ್ತಿಕೊಂಡಿರುವ ವರ್ಣತಂತುವಿನ ತುದಿ. ಗಗನಯಾತ್ರಿ ಸ್ಕಾಟ್ ಕೆಲ್ಲಿ ಅವರ ರಕ್ತಕಣಗಳಲ್ಲಿ ಅದು ಬಾಹ್ಯಾಕಾಶದಲ್ಲಿ ಉದ್ದವಾಗಿ, ಮರಳಿದ ಮೇಲೆ ಗಿಡ್ಡವಾಯಿತು. ಸಾಸಿವೆ ಜಾತಿಯ ಪುಟ್ಟ ಗಿಡ ಅರಬಿಡಾಪ್ಸಿಸ್‌ನಲ್ಲಿ ಉದ್ದ ಬದಲಾಗಲೇ ಇಲ್ಲ. ಅದನ್ನು ಕಾಪಾಡುವ ಟೆಲೋಮರೇಸ್ ಕಿಣ್ವ ಮಾತ್ರ ಬೇರಿನಲ್ಲಿ ತುಂಬಾ ಹೆಚ್ಚಿತ್ತು. ಇದೇ ಗಿಡ 1982ರಲ್ಲಿ ಸೋವಿಯತ್ ಬಾಹ್ಯಾಕಾಶ ನಿಲ್ದಾಣ ಸಲ್ಯೂತ್-7ರಲ್ಲಿ ಹೂಬಿಟ್ಟು ಬೀಜವನ್ನೂ ಕೊಟ್ಟಿತ್ತು.

ತಿನ್ನುವ ಬಗ್ಗೆ ಹೆದರಬೇಡಿ. ಆಗಸ್ಟ್ 2015ರಲ್ಲಿ ಯಾತ್ರಿಗಳು ನಿಲ್ದಾಣದಲ್ಲೇ ಬೆಳೆದ ಲೆಟ್ಯೂಸ್ ತಿಂದಿದ್ದಾರೆ. ಮಂಗಳಕ್ಕೆ ಹೋಗುವ ದಾರಿಯಲ್ಲಿ ಮಾತ್ರ ವಿಕಿರಣ ಜಾಸ್ತಿ, ಕಾಂತಕ್ಷೇತ್ರದ ಆಸರೆಯೂ ಇಲ್ಲ. ಅಲ್ಲಿಗೆ ಒಯ್ಯುವ ಬೀಜಗಳ ಬಗ್ಗೆ ನಿಮ್ಮ ಪ್ರಶ್ನೆಯನ್ನು ಗಟ್ಟಿಯಾಗಿಯೇ ಕೇಳಬೇಕು.