ದರಕು (ಉದುರಿದ ಒಣ ಎಲೆ) ಕೊಳೆತು ಗೊಬ್ಬರ ಆದಾಗ ಎಲೆಲಿದ್ದ ಸೂರ್ಯನ ಶಕ್ತಿನೂ ಗಿಡಕ್ಕೆ ವಾಪಸ್ ಸಿಗುತ್ತಾ?

ಇಲ್ಲ, ಸಿಗಲ್ಲ. ವಾಪಸ್ ಹೋಗೋದು ನೈಟ್ರೋಜನ್, ಫಾಸ್ಫರಸ್, ಪೊಟ್ಯಾಶಿಯಂ ಇಂಥವು ಮಾತ್ರ, ಶಕ್ತಿ ಎಲ್ಲ ದಾರಿಲೇ ಖರ್ಚಾಗಿಬಿಡುತ್ತೆ.

ಶಿರಸಿ ಕಡೆ ಸೊಪ್ಪಿನ ಬೆಟ್ಟದಿಂದ (ಅಡಿಕೆ ತೋಟದವರು ಸೊಪ್ಪು ತರೋ ಕಾಡು) ಸೊಪ್ಪು, ದರಕು ತಂದು ಕೊಟ್ಟಿಗೆಗೆ ಹಾಸಿ ಆಮೇಲೆ ಗೊಬ್ಬರಗುಂಡಿಗೆ ತುಂಬ್ತಾರಲ್ಲ, ಆ ಗುಂಡಿಗೆ ಕೈ ಹಾಕಿದ್ರೆ ಬಿಸಿ ಇರುತ್ತೆ, ಕೆಲವೊಮ್ಮೆ 60 ಡಿಗ್ರಿ ಹತ್ರನೂ ಹೋಗುತ್ತೆ. ಆ ಬಿಸಿನೇ ಎಲೆ ಹಿಡಿದಿಟ್ಟಿದ್ದ ಬಿಸಿಲು. ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಎಲೆ ತಿಂದು ಉಸಿರಾಡ್ತಾವೆ, ಶಕ್ತಿ ಶಾಖವಾಗಿ ಹೋಗುತ್ತೆ, ಅದನ್ನ ಯಾವ ಗಿಡನೂ ಮತ್ತೆ ಹಿಡಿಯೋಕಾಗಲ್ಲ. ಕಾರ್ಬನ್ ಗಾಳಿಗೆ ಸೇರುತ್ತೆ, ಅದನ್ನ ಎಲೆಗಳು ಮತ್ತೆ ಎಳ್ಕೊಳ್ತವೆ. ಉಳಿದ ಖನಿಜಗಳು ನೀರಲ್ಲಿ ಕರಗಿ ಬೇರಿಗೆ ಸಿಗ್ತವೆ. ಗೊಬ್ಬರನ ಗಿಡದ ಊಟ ಅಂತೀವಿ, ಆದ್ರೆ ನಿಜವಾದ ಊಟ ಅದು ಬಿಸಿಲಲ್ಲೇ ಮಾಡ್ಕೊಬೇಕು.

ಪ್ರಾಣಿಗಳಲ್ಲೂ ಅಷ್ಟೇ, ಹುಲ್ಲನ್ನ ಜಿಂಕೆ, ಜಿಂಕೆನ ಹುಲಿ ತಿನ್ನೋ ಹಾಗೆ ಒಂದು ಹಂತದಿಂದ ಮುಂದಿನದಕ್ಕೆ ಸುಮಾರು 10% ಶಕ್ತಿ ಮಾತ್ರ ಹೋಗುತ್ತೆ ಅಂತ ಪುಸ್ತಕದಲ್ಲಿರುತ್ತೆ, ಅದು ಅಂದಾಜು ಅಷ್ಟೇ, ಜಾಸ್ತಿ ಕಮ್ಮಿ ಆಗುತ್ತೆ.

ಇನ್ನೊಂದು ವಿಷ್ಯ, ಪೋಷಕಾಂಶ ಸುತ್ತುತ್ತೆ ಅಂದ್ರೂ ಅದೇ ಜಾಗದಲ್ಲೇ ಸುತ್ತಬೇಕು ಅಂತೇನಿಲ್ಲ. ಬೆಟ್ಟದ ಎಲೆ ತೋಟಕ್ಕೆ ಬಂತು, ತೋಟದ ಅಡಿಕೆ ಲಾರಿ ಹತ್ತಿ ಹೋಯ್ತು, ಅದ್ರ ಜೊತೆ ಪೊಟ್ಯಾಶಿಯಂ, ಫಾಸ್ಫರಸ್ಸೂ ಊರು ಬಿಡ್ತು. ನೈಟ್ರೋಜನ್ ಆದ್ರೆ ಹೆಸರು, ಉದ್ದಿನಂಥ ದ್ವಿದಳ ಧಾನ್ಯದ ಗಿಡಗಳ ಬೇರಲ್ಲಿರೋ ಬ್ಯಾಕ್ಟೀರಿಯಾ ಗಾಳಿಯಿಂದ ತರ್ತವೆ, ಫಾಸ್ಫರಸ್ ಮಾತ್ರ ಹೆಚ್ಚುಕಮ್ಮಿ ಕಲ್ಲು ಸವೆದೇ ಬರ್ಬೇಕು, ಅದು ತುಂಬಾ ನಿಧಾನ. ವರ್ಷವರ್ಷ ಸೊಪ್ಪು ಕಡಿದ ಬೆಟ್ಟ ಬೋಳಾಗ್ತಾ ಬರೋದಕ್ಕೆ ಇದೂ ಒಂದು ಕಾರಣ.